ಒಂದು ಗೇಣು ಸಡಿಲ ನೂಲು

ಚಿಕ್ಕಮ್ಮನಾಗಿ ಆ ಮನೆಗೆ ಬಂದು ಅವಳಿಗೆ ಏಳು ತಿಂಗಳು ತುಂಬಿತ್ತು. ಈ ಏಳು ತಿಂಗಳಲ್ಲಿ ಎಂಟು ವರ್ಷದ ಆ ಹುಡುಗಿ ಅವಳ ಮನಸ್ಸನ್ನು ಒಂದು ದಿನವೂ ನೋಯಿಸಿರಲಿಲ್ಲ. ಬಡಿಸಿದ್ದನ್ನು ಚೂರೂ ಬಿಡದೆ ಉಣ್ಣುತ್ತಿದ್ದಳು. ತಲೆ ಬಾಚುತ್ತೇನೆಂದರೆ ಬೆನ್ನು ತಿರುಗಿಸಿ ಕೂರುತ್ತಿದ್ದಳು. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ಆದರೆ ಅಪ್ಪನನ್ನು ‘ಏ ಅಪ್ಪ, ನೀನು’ ಎಂದು ಅಂಗಿ ಹಿಡಿದು ಜಗ್ಗಾಡುವ ಅದೇ ಬಾಯಿ ಇವಳ ಮುಂದೆ ಬಂದಾಗ ‘ನೀವು’ ಎನ್ನುತ್ತಿತ್ತು. ‘ನಿಮ್ಮ ಚಪ್ಪಲಿ ಒಳಗಿಟ್ಟಿದೀನಿ.’ ‘ನೀವು ಮೊದಲು ಕೈ ತೊಳ್ಕೊಳ್ಳಿ.’ ಯಾರದೋ ಮನೆಗೆ ಎರಡು ದಿನಕ್ಕೆಂದು ಬಂದ ಮಗುವಿನ ಹಾಗೆ. ಹಠ ಹಿಡಿದರೆ ರಮಿಸಬಹುದು, ಅತ್ತರೆ ಎತ್ತಿಕೊಳ್ಳಬಹುದು. ಇಷ್ಟೊಂದು ಮರ್ಯಾದೆ ಕೊಡುವ ಮಗುವನ್ನು ಹತ್ತಿರ ಕರೆದುಕೊಳ್ಳುವುದು ಹೇಗೆ ಎಂದು ಚಿಕ್ಕಮ್ಮನಿಗೆ ತಿಳಿಯುತ್ತಿರಲಿಲ್ಲ.

ಗಂಡ ಸಿಟಿ ಬಸ್ಸಿನ ಡ್ರೈವರ್. ಮಗಳನ್ನು ಹೆಸರು ಹಿಡಿದು ಕರೆದವನೇ ಅಲ್ಲ, ಅವನ ಬಾಯಲ್ಲಿ ಅವಳು ‘ಕಂಡಕ್ಟರ್’. ನೆಟ್ಟಗೆ ನಿಲ್ಲಲು ಬಾರದ ವಯಸ್ಸಿನಲ್ಲೇ ಪೀಪಿ ಊದಿ ಅವನನ್ನು ನಡುಮನೆಯಲ್ಲಿ ನಿಲ್ಲಿಸುವುದು, ಹೊರಡಿಸುವುದು ಮಾಡುತ್ತಿದ್ದಳಂತೆ. ಅದು ಅವಳ ತಾಯಿ ಬದುಕಿದ್ದ ಕಾಲ.

"ಅವಳಿಗೂ ಸ್ವಲ್ಪ ಟೈಮ್ ಕೊಡು," ಎನ್ನುತ್ತಿದ್ದ ಅವನು ಹೆಂಡತಿಗೆ. "ಹೊಸ ರೂಟು. ಎಲ್ಲೆಲ್ಲಿ ಗುಂಡಿ ಇದೆ ಅಂತ ಗೊತ್ತಾಗೋಕೇ ಆರು ತಿಂಗಳು ಬೇಕು."

"ಏಳಾಯ್ತು."

"ಹಾಗಾದ್ರೆ ರಸ್ತೆ ರಿಪೇರಿ ನಡೀತಿದೆ ಅಂದ್ಕೋ."

ಅವಳದು ನೇಯ್ಗೆಯ ಶೆಡ್ಡಿನಲ್ಲಿ ಕಂಡಿಕೆ ಸುತ್ತುವ ಕೆಲಸ. ಕಂಡಿಕೆ ಎಂದರೆ ಮಗ್ಗದಲ್ಲಿ ಅತ್ತಿತ್ತ ಓಡುವ ಲಾಳಿಯ ಹೊಟ್ಟೆಯಲ್ಲಿ ಕೂರುವ, ಬೆರಳುದ್ದದ ಸಣ್ಣ ಕಡ್ಡಿ. ಅದರ ಮೇಲೆ ನೂಲು ಒಂದರ ಪಕ್ಕ ಒಂದು ಒತ್ತಾಗಿ, ಬಿಗಿಯಾಗಿ ಕೂರಬೇಕು. ಒಂದು ಸುತ್ತು ಸಡಿಲವಾದರೂ ಲಾಳಿ ಓಡುವಾಗ ನೂಲು ಗೋಜಲಾಗಿ, ಬಟ್ಟೆಯಲ್ಲಿ ಗಂಟು ಬಿದ್ದು, ನೇಯುವವನು ಅಲ್ಲಿಂದಲೇ "ಯಾರಮ್ಮ ಇದನ್ನ ಸುತ್ತಿದ್ದು?" ಎಂದು ಕೂಗುತ್ತಾನೆ. ಹದಿನೆಂಟು ವರ್ಷದಲ್ಲಿ ಆ ಕೂಗು ಅವಳ ಹೆಸರಿಗೆ ಬಂದದ್ದು ಎರಡೇ ಸಲ. ಸುತ್ತುಗಳನ್ನು ಅವಳು ಅಂಕಿಯಲ್ಲಿ ಎಣಿಸುತ್ತಿರಲಿಲ್ಲ, ಪದ್ಯದಲ್ಲಿ ಎಣಿಸುತ್ತಿದ್ದಳು. ಚಿಕ್ಕವಳಿದ್ದಾಗ ತಾತ ಬೆಳಗಿನ ಹೊತ್ತು ಕಣ್ಣು ಮುಚ್ಚಿ ಪದ್ಯ ಹೇಳಿಕೊಳ್ಳುವುದನ್ನು ಬಾಗಿಲ ಹಿಂದೆ ಕೂತು ಕೇಳುತ್ತಿದ್ದಳು. ಯಾರೂ ಅವಳಿಗೆ ಕಲಿಸಲಿಲ್ಲ. ಕೇಳಿ ಕೇಳಿಯೇ ಬಾಯಿಗೆ ಬಂತು. ಈಗ ಒಂದೊಂದು ಮಾತಿಗೆ ಒಂದೊಂದು ಸುತ್ತು. ತುಟಿ ಅಲ್ಲಾಡುವುದನ್ನು ನೋಡಿ ಶೆಡ್ಡಿನ ಹೆಂಗಸರು, "ನೋಡ್ರೇ, ನೂಲಿಗೂ ದೇವರ ಧ್ಯಾನ ಮಾಡಿಸ್ತಾಳೆ," ಎಂದು ರೇಗಿಸುತ್ತಿದ್ದರು.

ಮನೆಯಲ್ಲೂ ಅವಳು ಹೆಚ್ಚಾಗಿ ಕೇಳಿಸಿಕೊಳ್ಳುವವಳೇ. ರಾತ್ರಿ ಊಟದ ಹೊತ್ತಿಗೆ ಅಪ್ಪ ಮಗಳ ಮಾತು ಶುರುವಾದರೆ ಒಲೆಯ ಹತ್ತಿರವೇ ನಿಂತು, ತೊಳೆದ ಪಾತ್ರೆಯನ್ನೇ ಇನ್ನೊಮ್ಮೆ ಒರೆಸುತ್ತಿದ್ದಳು. ಒಂದು ರಾತ್ರಿ ಹುಡುಗಿ ಕೇಳಿದಳು:

"ಅಪ್ಪ, ಪ್ರೋಗ್ರಾಮ್ ಅಂದ್ರೆ ಏನು ಹೇಳು."

"ಟೀವೀಲಿ ಬರೋದು."

"ಥೂ! ಕಂಪ್ಯೂಟರ್ ಪ್ರೋಗ್ರಾಮು! ನಮ್ಮ ಕಂಪ್ಯೂಟರ್ ಸಾರ್ ಕಂಪ್ಯೂಟರೇ ಮುಟ್ಟಿಸಲ್ಲ ಗೊತ್ತಾ. ಮೊದಲು ಬಂಡಿ ಮಾಡಿ ಅಂದ್ರು. ಎರಡು ಸಾವಿರ ವರ್ಷದ ಹಿಂದೆ ಗ್ರೀಕರಲ್ಲಿ ಹೀರೋನ್ ಅಂತ ಒಬ್ಬ ಇದ್ನಂತೆ. ಅವನು ಒಂದು ಬಂಡಿ ಮಾಡಿದ್ದ. ಕುದುರೆ ಇಲ್ಲ, ಎಂಜಿನ್ ಇಲ್ಲ, ಡ್ರೈವರೂ ಇಲ್ಲ."

"ಅಯ್ಯಯ್ಯೋ. ಆಗಲೇ ನಮ್ಮ ಹೊಟ್ಟೆ ಮೇಲೆ ಹೊಡೆಯೋಕೆ ನಿಂತಿದ್ನಾ ಅವನು?"

"ಕೇಳಪ್ಪ ಸುಮ್ನೆ! ಬಂಡಿ ಮೇಲೆ ಒಂದು ಕೊಳವೆ. ಅದರ ತುಂಬ ಸಾಸಿವೆ. ಸಾಸಿವೆ ಮೇಲೆ ಒಂದು ಭಾರದ ಕಬ್ಬಿಣ. ಕೆಳಗೆ ತೂತು. ಬಿರಡೆ ತೆಗೆದ್ರೆ ಸಾಸಿವೆ ಸುರಿಯುತ್ತೆ, ಕಬ್ಬಿಣ ಮೆಲ್ಲಗೆ ಇಳಿಯುತ್ತೆ, ಅದಕ್ಕೆ ಕಟ್ಟಿರೋ ನೂಲು ಎಳೆಯುತ್ತೆ. ಆ ನೂಲನ್ನ ಗಾಲಿಯ ಸರಳಿಗೆ ಸುತ್ತಿರ್ತೀವಿ. ಈ ಕಡೆ ಸುತ್ತಿದ್ರೆ ಬಂಡಿ ಮುಂದೆ, ಆ ಕಡೆ ಸುತ್ತಿದ್ರೆ ಹಿಂದೆ. ನಾವು ಹೇಗೆ ಸುತ್ತಿರ್ತೀವೋ ಅದು ಹಾಗೇ ಹೋಗುತ್ತೆ. ಸುತ್ತೋದೇ ಪ್ರೋಗ್ರಾಮು!"

ಒಲೆಯ ಹತ್ತಿರ ಚಿಕ್ಕಮ್ಮನ ಕೈ ನಿಂತಿತು. ನೂಲು ಸುತ್ತುವುದು! ಜಗತ್ತಿನಲ್ಲಿ ಅವಳಿಗೆ ನಿಜವಾಗಿ ಗೊತ್ತಿದ್ದ ಕೆಲಸ ಅದೊಂದೇ. ‘ನನ್ನನ್ನ ಕೇಳು, ತೋರಿಸಿಕೊಡ್ತೀನಿ’ ಎಂಬ ಮಾತು ನಾಲಿಗೆಯ ತುದಿಗೆ ಬಂದು, ಕರೆಯದ ಮನೆಗೆ ಹೋದವರಂತೆ ನಾಚಿ ಹಿಂದಕ್ಕೆ ಹೋಯಿತು.

ಮಾರನೆಯ ದಿನ ಬೆಳಿಗ್ಗೆ ಹುಡುಗಿ ತಾನಾಗಿಯೇ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ನಿಮ್ಮ ಹತ್ರ ಸಾಸಿವೆ ಇದೆಯಾ? ಒಂದು ಲೋಟ ತರೋಕೆ ಹೇಳಿದಾರೆ. ಹೀರೋನೂ ಅದನ್ನೇ ಹಾಕ್ತಿದ್ನಂತೆ, ಚೆನ್ನಾಗಿ ಜಾರುತ್ತೆ ಅಂತ."

ಏಳು ತಿಂಗಳಲ್ಲಿ ಆ ಮಗು ಅವಳನ್ನು ಕೇಳಿದ ಮೊದಲ ವಸ್ತು. ಚಿಕ್ಕಮ್ಮ ಡಬ್ಬಿಯನ್ನೇ ಬೋರಲು ಹಾಕಿ, ತಳಕ್ಕೆರಡು ತಟ್ಟಿ, ಇದ್ದಬದ್ದದ್ದನ್ನೆಲ್ಲ ಸುರಿದು ಕೊಟ್ಟಳು. ಆ ವಾರ ಅಡುಗೆಯಲ್ಲಿ ಸಾಸಿವೆ ಸಿಡಿಯಲಿಲ್ಲ. "ಏನೋ ಕಮ್ಮಿ ಆಗಿದೆಯಲ್ಲ," ಎಂದು ಗಂಡ ತಟ್ಟೆಯಲ್ಲಿ ಹುಡುಕಿದಾಗ, "ಗ್ರೀಕರಿಗೆ ಕೊಟ್ಟೆ," ಎಂದಳು. ಅವಳ ಬಾಯಿಂದ ಅಂಥ ಮಾತು ಅಪರೂಪ. ಹುಡುಗಿ ತಲೆ ತಗ್ಗಿಸಿ ನಕ್ಕಿದ್ದನ್ನು ಅವಳು ನೋಡಿದಳು. ಅದೇ ಧೈರ್ಯದ ಮೇಲೆ ಮರುದಿನ ಶೆಡ್ಡಿನಿಂದ ಗಟ್ಟಿ ನೂಲಿನ ಒಂದು ಉಂಡೆ ತಂದು, ಏನೂ ಹೇಳದೆ ಹುಡುಗಿಯ ಪುಸ್ತಕದ ಪಕ್ಕ ಇಟ್ಟಳು. ಬೆಳಿಗ್ಗೆ ನೋಡಿದರೆ ಉಂಡೆ ಅಲ್ಲಿರಲಿಲ್ಲ. ಬ್ಯಾಗು ಸೇರಿತ್ತು.

ಎರಡು ವಾರ ಬಂಡಿ ಶಾಲೆಯಲ್ಲೇ ಇತ್ತು. ಅದಕ್ಕೆ ಏನೇನು ಕಲಿಸುತ್ತಿದ್ದಾರೆಂಬುದು ಮನೆಗೆ ಪೂರ್ತಿಯಾಗಿ ಬರಲಿಲ್ಲ. ಶನಿವಾರ ಬೆಳಿಗ್ಗೆ ಮಕ್ಕಳು ತಮ್ಮ ಬಂಡಿಗಳನ್ನು ಓಡಿಸಿ ತೋರಿಸುತ್ತಾರೆ, ಮನೆಯವರು ಬರಬೇಕು ಎಂಬ ಚೀಟಿ ಮಾತ್ರ ಬಂತು. ಗಂಡನಿಗೆ ಡ್ಯೂಟಿ.

"ನೀನು ಹೋಗು," ಎಂದ.

"ಅವಳು ನನ್ನ ಕರೆದಿಲ್ಲ."

"ನನ್ನನ್ನೂ ಕರೆದಿಲ್ಲ. ಚೀಟಿ ಕರೆದಿದೆ. ಚೀಟೀಲಿ ‘ಮನೆಯವರು’ ಅಂತಿದೆ. ನೀನೇನು ಎದುರುಮನೆಯವಳಾ?"

ಅವಳು ಅರ್ಧ ದಿನದ ರಜೆ ಕೇಳಿಕೊಂಡು ಬಂದಳು. ಶುಕ್ರವಾರ ಸಂಜೆ ಹುಡುಗಿ ಬಂಡಿಯನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಮನೆಗೆ ತಂದಳು. ಕಿಟಕಿಯ ಕೆಳಗಿನ ಮೇಜಿನ ಮೇಲಿಟ್ಟು, "ಅಪ್ಪ, ನೀನು ಓಡಿಸಿ ಗೀಡಿಸಿ ನೋಡ್ಬೇಡ. ಕೈ ಮುರೀತೀನಿ," ಎಂದಳು. ಚಿಕ್ಕಮ್ಮನಿಗೆ ಏನೂ ಹೇಳಲಿಲ್ಲ. ‘ನೀವು’ ಎನಿಸಿಕೊಂಡವರಿಗೆ ಹಾಗೆಲ್ಲ ಹೇಳುವುದುಂಟೇ?

ಶನಿವಾರ ಬೆಳಿಗ್ಗೆ ಹುಡುಗಿ ಸ್ನಾನಕ್ಕೆ ಹೋದಾಗ ಚಿಕ್ಕಮ್ಮ ಮೇಜು ಒರೆಸಲು ಬಂದಳು. ಪೆಟ್ಟಿಗೆಯ ಮುಚ್ಚಳ ತೆರೆದಿತ್ತು. ಎಷ್ಟು ಚೆಂದದ ಬಂಡಿ! ಅಂಗೈಯಗಲದ ಗಾಲಿಗಳು, ಮೊಳಕ್ಕಿಂತ ತುಸು ಉದ್ದದ, ಒಳಗಿರುವುದು ಕಾಣುವಂಥ ಪ್ಲಾಸ್ಟಿಕ್ ಕೊಳವೆ, ಅದರ ಕಂಠದವರೆಗೆ ಅವಳದೇ ಸಾಸಿವೆ. ಆಮೇಲೆ ಅವಳ ಕಣ್ಣು ಗಾಲಿಗಳ ನಡುವಿನ ಸರಳಿನ ಮೇಲೆ ಬಿತ್ತು.

ಅಯ್ಯೋ ದೇವರೇ.

ಕೆಲವು ಸುತ್ತು ಬಿಗಿ, ಆಮೇಲೆ ಎರಡು ಬೆರಳಿನಷ್ಟು ನೂಲು ಸಡಿಲವಾಗಿ ಮಡಿಚಿಕೊಂಡು ಬಿದ್ದಿತ್ತು. ಮತ್ತೆ ಕೆಲವು ಸುತ್ತು, ಮತ್ತೊಂದು ಸಡಿಲ. ಒಂದು ಕಡೆಯಂತೂ ನೂಲು ಉಗುರಿನಷ್ಟು ದಪ್ಪಕ್ಕೆ ಗುಡ್ಡೆಯಾಗಿ, ಅದು ಜಾರದಿರಲೆಂದು ಮೇಲೆ ಮೇಣ ಬೇರೆ ಮೆತ್ತಿತ್ತು. ಪಾಪ, ಎಷ್ಟು ಒದ್ದಾಡಿದೆಯೋ ಮಗು. ಯಾರೂ ಹೇಳಿಕೊಟ್ಟಿಲ್ಲ. ಮನೆಯಲ್ಲೇ ನೂಲಿನವಳಿದ್ದೂ ಹೇಳಿಕೊಟ್ಟಿಲ್ಲ. ಇವತ್ತು ಎಲ್ಲರ ತಂದೆತಾಯಂದಿರೂ ಬರುತ್ತಾರೆ, ಬಗ್ಗಿ ನೋಡುತ್ತಾರೆ, ಕಂಡಿಕೆ ಸುತ್ತುವವಳ ಮನೆಯ ಹುಡುಗಿ ನೂಲು ಸುತ್ತಿರುವ ಚೆಂದ ನೋಡಿ ಎನ್ನುತ್ತಾರೆ. ತನಗೆ ಅಂದರೆ ಅನ್ನಲಿ. ಆ ಮಗು ಯಾಕೆ ತಲೆ ತಗ್ಗಿಸಬೇಕು?

ಬಚ್ಚಲಲ್ಲಿ ನೀರಿನ ಸದ್ದು ಕೇಳುತ್ತಲೇ ಇತ್ತು. ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕೂತಳು. ನೂಲನ್ನು ಬಿಚ್ಚುವಾಗಲೂ ಎಣಿಕೆ ಬಿಡುವ ಅಭ್ಯಾಸ ಅವಳಿಗಿರಲಿಲ್ಲ. ತುಟಿಯ ಮೇಲೆ ಪದ್ಯ ತಾನಾಗಿ ಹರಿಯಿತು, ಮಾತಿಗೊಂದು ಸುತ್ತು. ಸಡಿಲ ಸಿಕ್ಕ ಕಡೆ ಬೆರಳಿಟ್ಟು ಅಳೆದು, ನಾಲಿಗೆಯಿಂದ ಲೊಚಗುಟ್ಟಿ ಮುಂದೆ ಹೋದಳು. ಮೇಣವನ್ನು ಉಗುರಿನಿಂದ ಕೆರೆದು ತೆಗೆದಳು. ಪೂರ್ತಿ ಬಿಚ್ಚಿದ ಮೇಲೆ, ಅದೇ ನೂಲನ್ನು ಒಂದಿಂಚೂ ಕತ್ತರಿಸದೆ, ಸರಳಿನ ಈ ತುದಿಯಿಂದ ಆ ತುದಿಗೆ ಒತ್ತಾಗಿ, ಬಿಗಿಯಾಗಿ ಸುತ್ತಿದಳು. ಮುಗಿದಾಗ ಅದು ಹೊಸ ಕಂಡಿಕೆಯ ಹಾಗೆ ಮಿರುಗುತ್ತಿತ್ತು. ಇದಕ್ಕಿಂತ ಹೆಚ್ಚಿನದನ್ನು ಅವಳು ಯಾರಿಗೂ ಕೊಟ್ಟಿರಲಿಲ್ಲ. ಕೊಡಲು ಅವಳಲ್ಲಿ ಇರಲೂ ಇಲ್ಲ.

ತಲೆ ಒದ್ದೆಯಿದ್ದಂತೆಯೇ ಹುಡುಗಿ ಓಡಿ ಬಂದು, "ಲೇಟಾಯ್ತು, ಲೇಟಾಯ್ತು," ಎನ್ನುತ್ತ ಪೆಟ್ಟಿಗೆಯ ಮುಚ್ಚಳ ಮುಚ್ಚಿದಳು. ದಾರಿಯಲ್ಲಿ, "ನಾನು ಹಿಡ್ಕೊಳ್ಳಲಾ?" ಎಂದರೆ, "ಬೇಡ, ನಿಮಗ್ಯಾಕೆ ತೊಂದ್ರೆ," ಎಂದಳು. ಚಿಕ್ಕಮ್ಮ ಒಳಗೊಳಗೇ ಮುಗುಳ್ನಕ್ಕಳು. ಮುಚ್ಚಳ ತೆಗೆದ ಮೇಲೆ ಗೊತ್ತಾಗುತ್ತದೆ.

ಶಾಲೆಯ ಉದ್ದನೆಯ ಪಡಸಾಲೆಯಲ್ಲಿ ಒಂದು ತುದಿಗೆ ಸೀಮೆಸುಣ್ಣದ ಗೆರೆ ಎಳೆದಿದ್ದರು. ಗೋಡೆಯುದ್ದಕ್ಕೂ ಬೆಂಚು, ಬೆಂಚಿನ ಮೇಲೆ ಮನೆಯವರು. ಇನ್ನೊಂದು ತುದಿಯಲ್ಲಿ ಹೆಡ್‌ಮೇಡಂ ಕುರ್ಚಿಯಲ್ಲಿ ಕೂತಿದ್ದರು, ಪಕ್ಕದ ಮೊಣಕಾಲೆತ್ತರದ ಸ್ಟೂಲಿನ ಮೇಲೆ ನೀರಿನ ಜಗ್ಗು. ಕಂಪ್ಯೂಟರ್ ಮೇಷ್ಟ್ರು ಎಂದರೆ ದೊಡ್ಡ ಮನುಷ್ಯನಿರಬೇಕೆಂದು ಚಿಕ್ಕಮ್ಮ ತಿಳಿದಿದ್ದಳು. ನೋಡಿದರೆ ಮೀಸೆ ಸರಿಯಾಗಿ ಮೂಡದ, ಅಂಗಿಯ ಜೇಬಿನಿಂದ ಸಾಸಿವೆ ಉದುರಿಸಿಕೊಂಡು ಓಡಾಡುವ ಹುಡುಗ.

"ಅಲ್ಲ ಮೇಷ್ಟ್ರೇ," ಎಂದರು ಕನ್ನಡಕದ ತಂದೆಯೊಬ್ಬರು, "ಕಂಪ್ಯೂಟರ್ ಕಲಿಸ್ತೀವಿ ಅಂತ ಹೇಳಿ ಬಂಡಿ ಆಡಿಸ್ತಿದೀರಲ್ಲ?"

"ಕಂಪ್ಯೂಟರಿನೊಳಗೆ ಏನಾಗುತ್ತೆ ಅಂತ ಕಣ್ಣಿಗೆ ಕಾಣಲ್ಲ ಸಾರ್. ಇದರಲ್ಲಿ ಕಾಣುತ್ತೆ. ಬಂಡಿಗೆ ಬುದ್ಧಿ ಇಲ್ಲ. ಮಕ್ಕಳು ಮೊದಲೇ ಯೋಚಿಸಿ, ಒಂದಾದ ಮೇಲೊಂದು ಹೇಳಿಟ್ಟಿದ್ದನ್ನ ಅದು ಮಾಡುತ್ತೆ. ಹೇಳಿದ್ದು ತಪ್ಪಾಗಿದ್ರೆ ತಪ್ಪನ್ನೂ ಅಷ್ಟೇ ನಿಯತ್ತಿನಿಂದ ಮಾಡುತ್ತೆ. ನೋಡಿ ಬೇಕಾದ್ರೆ."

ಮುಂಬಲ್ಲು ಬಿದ್ದ ಹುಡುಗನೊಬ್ಬ ತನ್ನ ಬಂಡಿ ಇಟ್ಟು ಬಿರಡೆ ತೆಗೆದ. ಅದು ಮುಂದೆ ಹೋಗುವ ಬದಲು ಹಿಂದೆ ಹೊರಟು ಅವನ ಕಾಲ ಸಂದಿಯಲ್ಲಿ ನುಗ್ಗಿತು. ಎಲ್ಲರೂ ಹೋ ಎಂದು ನಕ್ಕರು.

"ಕೊನೆಗೆ ಸುತ್ತಿದ್ದು ಮೊದಲು ಬಿಚ್ಚಿಕೊಳ್ಳುತ್ತೆ ಅಂತ ಎಷ್ಟು ಸಲ ಹೇಳಿದೀನೋ ಮಹರಾಯ," ಎಂದರು ಮೇಷ್ಟ್ರು. "ಉಲ್ಟಾ ಸುತ್ತಬೇಕಿತ್ತು."

ಎರಡನೆಯದು ಎರಡು ಜಡೆಯ ಹುಡುಗಿಯ ಬಂಡಿ. ಅದು ನೆಟ್ಟಗೆ ಹೊರಟು, ನಾಲ್ಕು ಮಾರು ಹೋಗಿ, ಸುಮ್ಮನೆ ನಿಂತುಬಿಟ್ಟಿತು. ಚಿಕ್ಕಮ್ಮನ ಪಕ್ಕ ಕೂತಿದ್ದ ಆ ಹುಡುಗಿಯ ತಾಯಿ, "ಅಯ್ಯೋ, ಕೆಟ್ಟೋಯ್ತು," ಎಂದು ಬಾಯಿಗೆ ಕೈ ಹಿಡಿದಳು.

"ಕೆಟ್ಟಿಲ್ಲಮ್ಮ, ಅವಳೇ ನಿಲ್ಲಿಸಿದಾಳೆ. ಅಲ್ಲಿ ಬೇಕು ಅಂತಲೇ ನೂಲು ಸಡಿಲ ಬಿಟ್ಟಿದಾಳೆ, ಜಾರದೆ ಇರಲಿ ಅಂತ ಚೂರು ಮೇಣ. ಕಬ್ಬಿಣ ಇಳೀತಾನೇ ಇರುತ್ತೆ, ಆದ್ರೆ ಆ ಸಡಿಲ ಎಳೆದು ಮುಗಿಯೋವರೆಗೂ ಗಾಲಿ ತಿರುಗಲ್ಲ. ಎಷ್ಟುದ್ದ ಸಡಿಲವೋ ಅಷ್ಟು ಹೊತ್ತು ಕಾಯುತ್ತೆ. ಹೀರೋನ್ ಮಾಡಿದ್ದೂ ಹೀಗೇ."

ಬಂಡಿ ಮತ್ತೆ ಹೊರಟಿತು. ಜನ ಚಪ್ಪಾಳೆ ತಟ್ಟಿದರು. ಚಿಕ್ಕಮ್ಮ ತನ್ನ ಉಗುರುಗಳನ್ನು ನೋಡಿಕೊಂಡಳು. ಎರಡು ಬೆರಳು. ಮೂರು ಬೆರಳು. ಆ ದೊಡ್ಡ ಗುಡ್ಡೆ. ಮೇಣ. ತಾನು ಉಗುರಿನಿಂದ ಕೆರೆದು ತೆಗೆದದ್ದೆಲ್ಲ ಮಗು ಬೇಕೆಂದೇ ಇಟ್ಟದ್ದು.

ಅವಳು ಎದ್ದು ನಿಂತಳು. "ಇಲ್ಲಿ ಕೇಳು..." ಎಂದಳು. ಆದರೆ ಅಷ್ಟರಲ್ಲಿ ಅವಳ ಹುಡುಗಿಯೇ ಗೆರೆಯ ಹತ್ತಿರ ಮಂಡಿಯೂರಿ, ಮುಖ ಎತ್ತಿ, "ಇದು ನಮ್ಮಪ್ಪನ ಬಸ್ಸು. ಸ್ಟಾಪಲ್ಲೆಲ್ಲ ನಿಲ್ಲುತ್ತೆ, ನೋಡ್ತಿರಿ," ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಬಿರಡೆ ಎಳೆದುಬಿಟ್ಟಿದ್ದಳು.

ಬಂಡಿ ಹೊರಟಿತು. ಎಷ್ಟು ನಯವಾಗಿ ಹೊರಟಿತೆಂದರೆ, ಒಂದು ಕುಲುಕಿಲ್ಲ, ಒಂದು ಸದ್ದಿಲ್ಲ. ಸ್ಟಾಪುಗಳಿಗೆಂದು ಹುಡುಗಿ ಮೊದಲೇ ಹಾಕಿಟ್ಟಿದ್ದ ಸೀಮೆಸುಣ್ಣದ ಗುರುತುಗಳಲ್ಲಿ ಮೊದಲನೆಯದನ್ನು ದಾಟಿತು. ಎರಡನೆಯದನ್ನು ದಾಟಿತು. ಮೂರನೆಯದನ್ನೂ ದಾಟಿ, ಕೊನೆಯ ಗೆರೆಯನ್ನೂ ತುಳಿದು, ಪಡಸಾಲೆಯ ಉದ್ದಕ್ಕೂ ಹೋಗಿ, ಹೆಡ್‌ಮೇಡಂ ಪಕ್ಕದ ಸ್ಟೂಲಿಗೆ ಢಿಕ್ಕಿ ಹೊಡೆಯಿತು. ಜಗ್ಗು ಮಗುಚಿ ಮೇಡಂ ಮಡಿಲಲ್ಲಿ ನೀರು.

"ಎಕ್ಸ್‌ಪ್ರೆಸ್ಸು! ನಾನ್‌ಸ್ಟಾಪು!" ಎಂದು ಕೂಗಿದ ಮುಂಬಲ್ಲು ಬಿದ್ದ ಹುಡುಗ. "ಪ್ಯಾಸೆಂಜರೆಲ್ಲ ರಸ್ತೇಲೇ!"

ಹುಡುಗಿ ಓಡಿಹೋಗಿ ಬಂಡಿಯನ್ನು ಎತ್ತಿಕೊಂಡು ತಿರುಗಿಸಿ ನೋಡಿದಳು. ಇನ್ನೂ ಉಳಿದಿದ್ದ ಒಂದಷ್ಟು ನೂಲು ಸರಳಿನ ಮೇಲೆ ಅಚ್ಚುಕಟ್ಟಾಗಿ ಹೊಳೆಯುತ್ತಿತ್ತು. ಅವಳ ಮುಖದ ಬಣ್ಣ ಇಳಿಯಿತು.

"ಯಾರು ಮುಟ್ಟಿದ್ದು ಇದನ್ನ?"

ಚಿಕ್ಕಮ್ಮ ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹುಡುಗರ ಕಿತಾಪತಿ ಎಂದುಕೊಳ್ಳುತ್ತಿದ್ದರು. ಅದೂ ಅವಳಿಗೆ ಹೊಳೆಯಿತು. ಗೋಡೆ ಹಿಡಿದುಕೊಂಡು ನಾಲ್ಕು ಹೆಜ್ಜೆ ಮುಂದೆ ಬಂದಳು.

"ನಾನೇ," ಎಂದಳು. "ಬೆಳಿಗ್ಗೆ. ಸಡಿಲ ಆಗಿದೆ ಅಂದ್ಕೊಂಡು..."

"ನೀನ್ಯಾಕೆ ಮುಟ್ಟಿದೆ?" ಹುಡುಗಿಯ ದನಿ ಪಡಸಾಲೆಯ ಸೂರಿಗೆ ತಾಗಿತು. "ನಿನಗ್ಯಾರು ಹೇಳಿದ್ರು ಮುಟ್ಟು ಅಂತ? ಎಲ್ಲಾ ಹಾಳು ಮಾಡಿಬಿಟ್ಟೆ ನೀನು! ಎಲ್ಲಾ!" ಅಷ್ಟು ಹೇಳಿ ಗಳಗಳನೆ ಅತ್ತುಬಿಟ್ಟಳು.

ಬೆಂಚಿನ ಮೇಲಿದ್ದವರು ಮುಖ ಮುಖ ನೋಡಿಕೊಂಡರು. ಚಿಕ್ಕಮ್ಮನಿಗೆ ಎದೆಯಲ್ಲಿ ಚೂರಿ ಇಟ್ಟಂತಾಯಿತು. ಅದರ ಜೊತೆಗೇ, ಹೇಳಿಕೊಳ್ಳಲು ನಾಚಿಕೆಯಾಗುವಂಥ ಇನ್ನೊಂದೂ ಆಯಿತು: ನೀನು ಎಂದಳು. ಹೆತ್ತ ತಾಯಿಯನ್ನು ಬೈಯುವ ಹಾಗೆ ಬೈದಳು. ಇದನ್ನು ಎಲ್ಲಿಡುವುದೆಂದು ತಿಳಿಯದೆ ಅವಳು ಕೈಕಟ್ಟಿ ನಿಂತಳು.

ಮೇಷ್ಟ್ರು ಬಂದು ಹುಡುಗಿಯ ಎದುರು ಕುಕ್ಕುರುಗಾಲಲ್ಲಿ ಕೂತರು. "ಅಳಬೇಡ. ಬರೆದಿಟ್ಟ ಹಾಳೆ ಇದೆಯಲ್ಲ? ಅದನ್ನ ನೋಡಿ ಸುತ್ತೋಣ."

"ಅದು ಹಳೇದು ಸಾರ್." ಬಿಕ್ಕುತ್ತಲೇ ಹೇಳಿದಳು. "ಆಮೇಲೆ ಓಡಿಸಿ ಓಡಿಸಿ, ಚೂರು ಚೂರು ಬದಲಾಯಿಸಿದೆ. ಅದನ್ನ ಬರೆದಿಲ್ಲ."

"ಬರೆದಿಲ್ವಾ! ಬದಲಾಯಿಸಿದಾಗೆಲ್ಲ ಬರೆದಿಡಿ ಅಂತ ಬಡ್ಕೊಂಡೆನಲ್ಲ..." ಮೇಷ್ಟ್ರು ಮಾತು ನಿಲ್ಲಿಸಿ ಹಣೆ ಉಜ್ಜಿಕೊಂಡರು. ಎರಡು ವಾರದ ಕೆಲಸ. ಮುಂದಿನ ಮಗು ಆಗಲೇ ತನ್ನ ಬಂಡಿ ಹಿಡಿದು ಕಾಯುತ್ತಿತ್ತು.

"ನನಗೆ ಗೊತ್ತಿದೆ," ಎಂದಳು ಚಿಕ್ಕಮ್ಮ.

ಅವಳ ದನಿ ಎಷ್ಟು ಮೆಲ್ಲಗಿತ್ತೆಂದರೆ ಮೇಷ್ಟ್ರು, "ಏನಂದ್ರಿ ಅಮ್ಮಾ?" ಎಂದು ಕೇಳಬೇಕಾಯಿತು.

"ಬಿಚ್ಚುವಾಗ ಎಣಿಸಿದ್ದೆ. ಬೇಕು ಅಂತ ಅಲ್ಲ, ಕೈ ಅಭ್ಯಾಸ. ಹೇಳ್ಲಾ?"

ಅವಳು ಕಣ್ಣು ಮುಚ್ಚಿದಳು. ಬೆಳಿಗ್ಗೆ ಹರಿದ ಪದ್ಯ ನಾಲಿಗೆಯ ಮೇಲೆ ಮತ್ತೆ ಹರಿಯತೊಡಗಿತು. ನೂಲು ಸಡಿಲವಿದ್ದ ಕಡೆ ಯಾವ ಮಾತಿತ್ತೋ, ಆ ಮಾತಿನ ಹತ್ತಿರ ಬೆರಳು ತಾನಾಗಿ ನಿಂತಿತು. "ಆರು ಸುತ್ತು," ಎಂದಳು. "ಎರಡು ಬೆರಳು ಸಡಿಲ. ಆಮೇಲೆ ಐದು ಸುತ್ತು."

ಮೇಷ್ಟ್ರ ಕಣ್ಣು ಅರಳಿತು. "ಅಮ್ಮಾ, ಇದು ಬಂಡಿ ಹೋಗೋ ಕ್ರಮ! ಬಿಚ್ಚುತ್ತಾ ನೀವು ಇಡೀ ಪ್ರೋಗ್ರಾಮನ್ನ ಬೆರಳಲ್ಲೇ ಓಡಿಸಿಬಿಟ್ಟಿದೀರಿ. ಇದನ್ನ ಕೊನೆಯಿಂದ ಮೊದಲಿಗೆ ಹೇಳಿದ್ರೆ ಈಗಲೇ ಸುತ್ತಬಹುದು."

ಚಿಕ್ಕಮ್ಮ ಕಣ್ಣು ಬಿಟ್ಟು ಪೆಚ್ಚಾದಳು. "ಕೊನೆಯಿಂದ ಬರಲ್ಲ ನನಗೆ. ಕೇಳಿದ್ದು ಮೊದಲಿಂದ. ಹಿಂದುಮುಂದಾಗಿ ಹೇಳೋಕೆ ಹೋದ್ರೆ ಅದು ಪದ್ಯವೇ ಅಲ್ಲ."

ಹುಡುಗಿ ಮೂಗನ್ನು ತೋಳಿಗೆ ಒರೆಸಿಕೊಂಡಳು. ಮೇಷ್ಟ್ರ ಕೈಯಲ್ಲಿದ್ದ ಸೀಮೆಸುಣ್ಣ ಕಿತ್ತುಕೊಂಡು ನೆಲದ ಮೇಲೆ ಕೂತಳು.

"ನೀನು ಮೊದಲಿಂದ ಹೇಳು," ಎಂದಳು, ಮುಖ ನೋಡದೆ. "ನಾನು ಬರ್ಕೋತೀನಿ. ಆಮೇಲೆ ಕೆಳಗಿಂದ ಮೇಲಕ್ಕೆ ಓದ್ತೀನಿ."

ಚಿಕ್ಕಮ್ಮ ಅವಳ ಎದುರಿಗೇ ನೆಲದ ಮೇಲೆ ಕೂತಳು. ಆರು ಸುತ್ತು ಎಂದಳು, ಹುಡುಗಿ ಬರೆದಳು. ಎರಡು ಬೆರಳು ಸಡಿಲ ಎಂದಳು. ಹುಡುಗಿ ಅದರ ಪಕ್ಕದಲ್ಲಿ ‘ಆಸ್ಪತ್ರೆ’ ಎಂದು ಬರೆದಳು. ಐದು ಸುತ್ತು. ಮೂರು ಬೆರಳು ಸಡಿಲ, ‘ಮಾರ್ಕೆಟ್ಟು’. ಏಳು ಸುತ್ತು.

"ಆಮೇಲೆ ಆ ದೊಡ್ಡದು," ಎಂದಳು ಚಿಕ್ಕಮ್ಮ. "ನನ್ನ ಕೈಯಲ್ಲಿ ಸರಿಯಾಗಿ ಒಂದು ಗೇಣು. ಅದನ್ನ ನೋಡೇ ನನಗೆ ತಡೆಯೋಕಾಗಲಿಲ್ಲ."

ಹುಡುಗಿಯ ಸೀಮೆಸುಣ್ಣ ಸ್ವಲ್ಪ ತಡೆದು, ಚಿಕ್ಕ ಅಕ್ಷರದಲ್ಲಿ ಏನೋ ಬರೆಯಿತು. ಎದುರಿನಿಂದ ತಲೆಕೆಳಗಾಗಿ ಕಂಡರೂ ಚಿಕ್ಕಮ್ಮ ಓದಿಕೊಂಡಳು. ‘ನೂಲಿನ ಶೆಡ್ಡು’.

"ಅಲ್ಲಿ ಸ್ಟಾಪೇ ಇಲ್ವಲ್ಲ," ಎಂದಳು.

"ಅಪ್ಪ ನಿಲ್ಲಿಸ್ತಾನಲ್ಲ."

ನಿಜ. ಸಂಜೆಯ ಟ್ರಿಪ್ಪಿನಲ್ಲಿ ಗಂಡ ಶೆಡ್ಡಿನ ಗೇಟಿನ ಮುಂದೆ ಬಸ್ಸು ನಿಲ್ಲಿಸುತ್ತಿದ್ದ. ಶಾಲೆಯ ಹತ್ತಿರ ಹತ್ತಿದ ಹುಡುಗಿ ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತಿರುತ್ತಿದ್ದಳು. ಕೈಯಲ್ಲಿರುವ ಕಂಡಿಕೆ ಮುಗಿಸದೆ ಏಳಲಾಗದ ಚಿಕ್ಕಮ್ಮ ದಿನವೂ ತಡ; ಓಡಿ ಬಂದು ಹತ್ತುವಷ್ಟರಲ್ಲಿ ಜನ ಗೊಣಗುತ್ತಿದ್ದರು, ಹುಡುಗಿ ಕಿಟಕಿಯ ಕಡೆ ಮುಖ ಮಾಡಿಕೊಂಡಿರುತ್ತಿದ್ದಳು. ಕಾದು ಕಾದು ಬೇಸರವಾಗಿ ಎಂದೇ ಚಿಕ್ಕಮ್ಮ ತಿಳಿದಿದ್ದಳು. ಆ ಕಿಟಕಿಯಿಂದ ಗೇಟು ಕಾಣುತ್ತದೆ ಎಂದು ಅವಳಿಗೆ ಇವತ್ತಿನವರೆಗೆ ಹೊಳೆದಿರಲಿಲ್ಲ.

"ಅಷ್ಟುದ್ದ ಯಾಕೆ ಬಿಟ್ಟಿದ್ದೆ?"

"ನೀನು ಹತ್ತೋವರೆಗೂ ನಿಲ್ಲಬೇಕಲ್ಲ," ಎಂದಳು ಹುಡುಗಿ ತಲೆ ಎತ್ತದೆ. "ಆಮೇಲೆ ಎಷ್ಟು ಸುತ್ತು? ಹೇಳು ಬೇಗ."

ಪದ್ಯ ಎಲ್ಲಿ ನಿಂತಿತ್ತೆಂದು ಹುಡುಕಲು ಚಿಕ್ಕಮ್ಮನಿಗೆ ಸ್ವಲ್ಪ ಹೊತ್ತು ಹಿಡಿಯಿತು. "ಮೂರು," ಎಂದಳು. "ಮೂರು ಸುತ್ತು. ಅಲ್ಲಿಗೆ ಮುಗೀತು." ಹುಡುಗಿ ಅದರ ಪಕ್ಕ ‘ಮನೆ’ ಎಂದು ಬರೆದಳು.

ಬೇರೆ ಮಕ್ಕಳು ಬಂಡಿ ಓಡಿಸುತ್ತಿರುವಾಗ ಇವರಿಬ್ಬರೂ ಮೂಲೆಯಲ್ಲಿ ಕೂತು ಸುತ್ತಿದರು. ಹುಡುಗಿ ಸಾಸಿವೆಯನ್ನು ಕೊಳವೆಗೆ ಮತ್ತೆ ತುಂಬಿ, ಕೆಳಗಿಂದ ಮೇಲಕ್ಕೆ ಓದುತ್ತ ಹೋದಳು. ಮೂರು ಸುತ್ತು ಸುಲಭವಾಗಿತ್ತು. ಗೇಣಿನ ಸಡಿಲ ಬಂದಾಗ ಚಿಕ್ಕಮ್ಮನ ಬೆರಳುಗಳು ಮಾತು ಕೇಳಲಿಲ್ಲ. ಬಿಡಬೇಕೆಂದು ಬಿಟ್ಟ ನೂಲನ್ನು ಹೆಬ್ಬೆರಳು ತಾನಾಗಿಯೇ ಹಿಂದಕ್ಕೆಳೆದು ಬಿಗಿ ಮಾಡುತ್ತಿತ್ತು. ಹದಿನೆಂಟು ವರ್ಷದ ಹೆಬ್ಬೆರಳು ಅದು.

"ಬಿಡು... ಬಿಡು ಅಂದ್ರೆ! ಇನ್ನೂ ಬಿಡು." ಹುಡುಗಿ ಆ ಹೆಬ್ಬೆರಳನ್ನು ತನ್ನ ಪುಟ್ಟ ಮುಷ್ಟಿಯಲ್ಲಿ ಹಿಡಿದುಕೊಂಡಳು. "ಹೂಂ. ಈಗ ಮಡಿಚು. ಮೇಣ ನಾನು ಹಾಕ್ತೀನಿ, ನೀನು ಹಾಕ್ಬೇಡ."

"ಆಯ್ತಮ್ಮ, ಹಾಕಲ್ಲ."

ಎಲ್ಲರದೂ ಮುಗಿದ ಮೇಲೆ ಮೇಷ್ಟ್ರು ಕರೆದರು. ಹೆಡ್‌ಮೇಡಂ ಜಗ್ಗನ್ನು ಎತ್ತಿ ಎದೆಗಪ್ಪಿಕೊಂಡು ಕೂತರು. ಹುಡುಗಿ ಬಿರಡೆ ಎಳೆದಳು. ಬಂಡಿ ಹೊರಟು ಮೊದಲನೆಯ ಗುರುತಿನ ಹತ್ತಿರ ನಿಂತಿತು, ನಿಂತು, ಹೊರಟಿತು. ಮಾರ್ಕೆಟ್ಟಿನಲ್ಲಿ ತುಸು ಹೆಚ್ಚು ಹೊತ್ತು ನಿಂತಿತು. ಹೊರಟಿತು. ಮೂರನೆಯ ಗುರುತನ್ನು ಅಂಗೈಯಷ್ಟು ದಾಟಿ ನಿಂತಿತು.

ನಿಂತೇ ಇತ್ತು.

"ಇನ್ನೂ ಎಷ್ಟು ಹೊತ್ತು?" ಎಂದರು ಕನ್ನಡಕದ ತಂದೆ.

"ಸುಮ್ನಿರಿ ಅಂಕಲ್. ಇಲ್ಲಿ ಕಾಯಬೇಕು," ಎಂದಳು ಹುಡುಗಿ.

ಸಾಸಿವೆ ಸುರಿಯುವ ಸಣ್ಣ ಸದ್ದು ಬಿಟ್ಟರೆ ಪಡಸಾಲೆಯಲ್ಲಿ ಬೇರೆ ಸದ್ದಿರಲಿಲ್ಲ. ಅಷ್ಟು ಜನ ಒಂದು ಬಂಡಿ ಯಾರಿಗಾಗಿಯೋ ಕಾಯುವುದನ್ನು ನೋಡುತ್ತ ಕೂತಿದ್ದರು. ಆ ಯಾರೋ ಬೆಂಚಿನ ತುದಿಯಲ್ಲಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಕೂತಿದ್ದಳು. ಆಮೇಲೆ ಅವಳ ಕಣ್ಣಿಗೆ ಅದು ಬಿತ್ತು: ಕೊಳವೆಯಲ್ಲಿ ಸಾಸಿವೆ ಇಳಿಯುತ್ತಿದೆ, ಕಬ್ಬಿಣ ಇಳಿಯುತ್ತಿಲ್ಲ. ನೂಲಿನ ಕುಣಿಕೆ ಬಂಡಿಯ ಹಲಗೆಯ ಮೊಳೆಯೊಂದಕ್ಕೆ ಸಿಕ್ಕಿಕೊಂಡಿದೆ. ಅವಳು ಜಾಗದಿಂದ ಏಳಲಿಲ್ಲ. ಕೈಯನ್ನು ಮಡಿಲಲ್ಲಿ ಒತ್ತಿ ಹಿಡಿದುಕೊಂಡಳು. ಒಂದು ಸಲ ಮುಟ್ಟಿ ಆಗಿತ್ತು.

ಹುಡುಗಿಗೂ ಕಂಡಿತ್ತು. ಅವಳು ಬಂಡಿಯ ಹತ್ತಿರ ಬಗ್ಗಿದಳು, ತನ್ನ ಬೆರಳು ಚಾಚಿದಳು, ಮತ್ತೆ ಹಿಂದಕ್ಕೆ ತೆಗೆದುಕೊಂಡಳು. ತಿರುಗಿ ಬೆಂಚಿನ ಕಡೆ ನೋಡಿದಳು.

"ಬಾ ಇಲ್ಲಿ," ಎಂದಳು. "ನಾನು ಬಿಡಿಸಿದ್ರೆ ಹರಿಯುತ್ತೆ. ನೀನು ಬಿಡಿಸು."

ಚಿಕ್ಕಮ್ಮ ಬಂದು ಮಂಡಿಯೂರಿದಳು. ಕಿರುಬೆರಳ ಉಗುರಿನಿಂದ ಕುಣಿಕೆಯನ್ನು ಮೊಳೆಯ ತಲೆಯಿಂದ ಮೆಲ್ಲಗೆ ಜಾರಿಸಿದಳು. ಕಬ್ಬಿಣ ಸಾಸಿವೆಯ ಮೇಲೆ ಧೊಪ್ಪನೆ ಕೂತಿತು, ಬಂಡಿ ಹಳೆಯ ಬಸ್ಸಿನ ಹಾಗೆ ಒಮ್ಮೆ ಜಗ್ಗಿ, ಮನೆಯ ಕಡೆ ಹೊರಟಿತು.

"ಕೈ ಹಾಕಿದ್ರು! ಕೈ ಹಾಕಿದ್ರು!" ಎಂದು ಮುಂಬಲ್ಲು ಬಿದ್ದ ಹುಡುಗ ಎದ್ದು ನಿಂತ. "ಸಾರ್, ಇದು ಲೆಕ್ಕಕ್ಕಿಲ್ಲ! ಅವರು ಮುಟ್ಟಿದ್ರು!"

ಹುಡುಗಿ ಬಂಡಿಯ ಮೇಲಿನ ಕಣ್ಣು ತೆಗೆಯಲಿಲ್ಲ.

"ಮುಟ್ಟಿದ್ದಲ್ಲ ಕಣೋ," ಎಂದಳು. "ಹತ್ತಿದ್ದು."